ಮೈಗಳ್ಳರ ಮಹಾಸಾಧನೆ

ಲೀಡ್ ಗಿಟಾರಿನ ಮೇಲ್ದರ್ಜೆಯ ಕಸರತ್ತು ಕಲಿಯಲು ಹೊರಟವರು ನೋಡುವುದಕ್ಕೆ ತಪಸ್ವಿಗಳೇ. ಮೆಟ್ರೋನೋಮ್ ಟಕಟಕ ಎನ್ನುತ್ತಿರುತ್ತದೆ, ಬೆರಳತುದಿ ಜಡ್ಡುಗಟ್ಟಿರುತ್ತದೆ, ಅದೇ ನಾಲ್ಕು ಸ್ವರ ಕೇಳಿ ಕೇಳಿ ಮನೆಯವರು ಬಾಗಿಲು ಹಾಕಿಕೊಂಡಿರುತ್ತಾರೆ. ಆದರೆ ಆ ವಿದ್ಯೆಯನ್ನು ಬಿಚ್ಚಿ ನೋಡಿದರೆ ಬುಡದಲ್ಲಿ ಸಿಗುವುದು ಅಪ್ಪಟ ಮೈಗಳ್ಳತನ ಎಂಬುದು ನನ್ನ ವಾದ. ಪ್ರತಿ ಸ್ವರಕ್ಕೂ ಪಿಕ್ಕಿನಿಂದ ತಂತಿ ಮೀಟುವುದು ನ್ಯಾಯವಾದ ದುಡಿಮೆ. ಒಮ್ಮೆ ಮಾತ್ರ ಮೀಟಿ, ಮಿಕ್ಕ ಸ್ವರಗಳನ್ನು ಎಡಗೈ ಬೆರಳಿನಿಂದಲೇ ಕುಟ್ಟಿ, ಕಿತ್ತು ಹೊರಡಿಸಿದರೆ ಅದು ಹ್ಯಾಮರ್-ಆನ್, ಪುಲ್-ಆಫ್, ಬಲಗೈಗೆ ರಜೆ. ತಂತಿಗೊಂದು ಸ್ವರ ಇರುವಲ್ಲಿ ಪಿಕ್ಕನ್ನು ಕೆಳಗೆ-ಮೇಲೆ ಕುಣಿಸುವ ಬದಲು, ಕಿಟಕಿಯ ಸರಳುಗಳ ಮೇಲೆ ಕೋಲೆಳೆದ ಹಾಗೆ ಒಂದೇ ಎಳೆತದಲ್ಲಿ ಜಾರಿಸಿದರೆ ಸ್ವೀಪ್ ಪಿಕಿಂಗ್. 5ನೇ ಫ್ರೆಟ್ಟಿನಲ್ಲಿರುವ ಎಡಗೈಗೆ 12ನೇ ಫ್ರೆಟ್ ಎಟುಕುವುದಿಲ್ಲವೆಂದು ಬಲಗೈ ಬೆರಳನ್ನೇ ಅಲ್ಲಿಗೆ ಕಳಿಸಿದರೆ ಟ್ಯಾಪಿಂಗ್. ಇದನ್ನು ಎಡ್ಡಿ ವ್ಯಾನ್ ಹೇಲನ್‌ಗಿಂತ ಮೊದಲೂ ಮಾಡಿದವರಿದ್ದರು. ಆದರೂ 1978ರಲ್ಲಿ ಅವರ ‘ಇರಪ್ಷನ್’ ಬಂದ ಮೇಲೆ, ಎರಡು ನಿಮಿಷವೂ ಇಲ್ಲದ ಆ ತುಣುಕಿಗಾಗಿ ಹುಡುಗರು ವರ್ಷಗಟ್ಟಲೆ ಕೋಣೆ ಸೇರಿದರು.

ಅಂಥ ಮಹನೀಯರನ್ನು ಮೈಗಳ್ಳರೆನ್ನುವುದೇ ಎಂದು ಅಭಿಮಾನಿಗಳು ಸಿಟ್ಟಾಗಬಹುದು. ಚರಿತ್ರೆ ಮಾತ್ರ ನನ್ನ ಪಕ್ಷದಲ್ಲಿದೆ. ಅಲನ್ ಹೋಲ್ಡ್ಸ್‌ವರ್ತ್‌ಗೆ ಬೇಕಿದ್ದದ್ದು ಸ್ಯಾಕ್ಸೊಫೋನ್, ಕೈಗೆ ಬಂದದ್ದು ಗಿಟಾರ್; ಹಾಗಾಗಿ ಮೀಟುವುದನ್ನು ಆದಷ್ಟು ಕಡಿಮೆ ಮಾಡಿ ಊದಿದಂತೆ ಕೇಳಿಸಿದರು. ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ನನಗೆ ಒಲಿಯಲಿಲ್ಲ, ಅದಕ್ಕೇ ಕೈ ನಡುಗಿಸುವುದನ್ನು ರೂಢಿಸಿಕೊಂಡೆ ಎಂದು ಬಿ.ಬಿ. ಕಿಂಗ್ ಅವರೇ ಹೇಳಿಕೊಂಡಿದ್ದಾರೆ. ಆ ವೈಬ್ರಾಟೋ ಈಗ ಪಾಠ. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಸೊರಗಿದ ಜಾಂಗೋ ರೈನ್‌ಹಾರ್ಟ್, ಕಾರ್ಖಾನೆಯಲ್ಲಿ ಎರಡು ಬೆರಳತುದಿ ಕಳೆದುಕೊಂಡ ಟೋನಿ ಅಯೋಮಿ, ಇವರಿಬ್ಬರನ್ನು ಮೈಗಳ್ಳರ ಪಟ್ಟಿಗೆ ಸೇರಿಸಿದರೆ ನನಗೇ ಪಾಪ ಸುತ್ತಿಕೊಳ್ಳುತ್ತದೆ. ಆದರೆ ಅವರು ಮಾಡಿದ್ದೂ ಆಗದ್ದನ್ನು ಬಿಟ್ಟು ಆಗುವ ದಾರಿ ಹುಡುಕಿದ್ದೇ: ಅಯೋಮಿ ಬೆರಳಿಗೆ ಪ್ಲಾಸ್ಟಿಕ್ ಟೋಪಿ ತೊಡಿಸಿದರು, ತೆಳು ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಇಂದು ಹತ್ತೂ ಬೆರಳು ನೆಟ್ಟಗಿರುವವರು ಆ ಇಳಿದ ಶ್ರುತಿಯನ್ನು ಭಕ್ತಿಯಿಂದ ಅನುಸರಿಸುತ್ತಾರೆ. ಬಹುಪಾಲು ಸ್ವರಗಳನ್ನು ಮೀಟಿಯೇ ತೀರುವ ಅಲ್ ಡಿ ಮಿಯೋಲಾ ತರಹದವರೂ ಇದ್ದಾರೆ, ಒಪ್ಪಿದೆ. ಶ್ರಮಜೀವಿಗಳು ಎಲ್ಲ ಕಡೆಯೂ ನಾಲ್ಕು ಜನ ಇರುತ್ತಾರೆ.

ಅಷ್ಟು ಸುಲಭದ ದಾರಿಯಾದರೆ ಕಲಿಯಲು ಇಷ್ಟು ಕಷ್ಟವೇಕೆ? ಇದು ತೂಕದ ಆಕ್ಷೇಪ. ಮೀಟದೆ ಹೊರಡಿಸಿದ ಸ್ವರ ಮೆಲ್ಲಗಿರುತ್ತದೆ. ಅದನ್ನು ಮೀಟಿದ ಸ್ವರದ ಸಮಕ್ಕೆ ಏರಿಸುವುದು ಆಂಪ್ಲಿಫೈಯರಿನ ಡಿಸ್ಟಾರ್ಷನ್. ಅಂದರೆ ಬೆರಳು ಮಾಡದ ಕೆಲಸವನ್ನು ಕರೆಂಟು ಮಾಡುತ್ತದೆ. ಆದರೆ ಕರೆಂಟಿಗೆ ಬೇಕಾದ ಸ್ವರ ಯಾವುದು, ಬೇಡದ್ದು ಯಾವುದು ಎಂಬ ವಿವೇಕವಿಲ್ಲ. ಪಕ್ಕದ ತಂತಿ ಸುಮ್ಮನೆ ಮಿಸುಕಿದರೂ ಅದನ್ನು ಗರ್ಜನೆ ಮಾಡಿಬಿಡುತ್ತದೆ. ಸ್ವೀಪ್ ಮಾಡುವಾಗ ಹಿಂದಿನ ಸ್ವರವನ್ನು ಅಡಗಿಸದೆ ಮುಂದೆ ಹೋದರೆ ಎಲ್ಲವೂ ಕಲಸಿ ಕಾರ್ಡ್, ಅಂದರೆ ಸ್ವರಗಳ ಗೊಂಚಲು, ಆಗುತ್ತದೆ. ಆದ್ದರಿಂದ ಬಲ ಅಂಗೈಯ ಅಂಚು ದಪ್ಪ ತಂತಿಗಳನ್ನು ಒತ್ತಿರಬೇಕು, ಎಡಗೈ ತೋರುಬೆರಳು ತೆಳು ತಂತಿಗಳನ್ನು ಸವರಿರಬೇಕು, ಸ್ವರ ಒತ್ತಿದ ಬೆರಳು ಮರುಕ್ಷಣವೇ ಸಡಿಲಬೇಕು, ಆದರೆ ತಂತಿಯಿಂದ ಏಳಕೂಡದು. ಕೇಳುಗರಿಗೆ ಕಾಣುವುದು ಓಡುವ ಬೆರಳು. ದುಡಿಮೆಯ ಬಹುಭಾಗ ನುಡಿಸದ ತಂತಿಗಳ ಬಾಯಿ ಮುಚ್ಚಿಸುವುದರಲ್ಲೇ ಕಳೆಯುತ್ತದೆ. ಯೂಟ್ಯೂಬ್ ಗುರುಗಳು ವೇಗ ಕಲಿಸುವಷ್ಟು ಉತ್ಸಾಹದಿಂದ ಇದನ್ನು ಕಲಿಸುವುದಿಲ್ಲ, ಏಕೆಂದರೆ ನಿಶ್ಶಬ್ದವನ್ನು ವಿಡಿಯೋದಲ್ಲಿ ತೋರಿಸುವುದು ಕಷ್ಟ.

ಕೊನೆಗೂ ಇಲ್ಲಾದರೂ ಪ್ರಾಮಾಣಿಕ ಪರಿಶ್ರಮ ಸಿಕ್ಕಿತಲ್ಲ ಎಂದು ನೀವು ಸಮಾಧಾನಪಡುವ ಹಾಗಿಲ್ಲ. ಟ್ಯಾಪಿಂಗ್ ಪಟುಗಳಲ್ಲಿ ಹಲವರು ಗಿಟಾರಿನ ಕುತ್ತಿಗೆಗೆ, ಮೊದಲ ಫ್ರೆಟ್ಟಿನ ಹತ್ತಿರ, ಜಡೆಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ. ಬೆರಳಿಡದ ತಂತಿಗಳನ್ನೆಲ್ಲ ಸುಮ್ಮನಿರಿಸುವ ಕೆಲಸ ಅದರದ್ದು.