ಕುಲಾವಿ ಅಳತೆಯ ಯುದ್ಧವಿಮಾನ

ಸಮುದ್ರ ಕಾಯಲು ದೂರ ಹಾರುವ ಯುದ್ಧವಿಮಾನವನ್ನು ಆರಿಸುವುದು ಹೇಗೆ ಎಂದು ಯಾವುದಾದರೂ ಪುಟ್ಟ ದೇಶ ನಮ್ಮ ಬಾಗಿಲಿಗೆ ಬಂದರೆ ದೆಹಲಿಯ ದೊಡ್ಡವರು ತಡವರಿಸಬೇಕಿಲ್ಲ. ಅನುಭವದ ಉತ್ತರ ಸಿದ್ಧವಿದೆ. ಮೊದಲು ವಿಮಾನವಾಹಕ ಹಡಗು ಮಾಡಿಕೊಳ್ಳಿ. ಆಮೇಲೆ ವಿಮಾನವನ್ನು ಕೆಳಗಿನಿಂದ ಡೆಕ್ಕಿಗೆ ಏರಿಸುವ ಅದರ ಲಿಫ್ಟಿನೊಳಗೆ ಏನು ಹಿಡಿಸುತ್ತದೆಂದು ಟೇಪು ಹಿಡಿದು ನೋಡಿ. ವಿಮಾನ ಎಷ್ಟು ದೂರ ಹೋಗಬೇಕು, ಹೋಗಿ ಯಾರಿಗೆ ಹೊಡೆಯಬೇಕು ಎಂಬ ಅಧಿಕಪ್ರಸಂಗದ ಪ್ರಶ್ನೆಗಳನ್ನು ಕಡೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಪ್ರಶ್ನೆ ಕೇಳಿದವರು ನಿವೃತ್ತರಾಗಿರುತ್ತಾರೆ.

2004ರಲ್ಲಿ ರಷ್ಯಾ ನಮಗೆ ಅಡ್ಮಿರಲ್ ಗೋರ್ಷ್ಕೋವ್ ಎಂಬ ಹಳೆಯ ಹಡಗನ್ನು ಬಿಟ್ಟಿಯಾಗಿ ಕೊಡಲು ಒಪ್ಪಿತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಬೇಡ ಎನ್ನಲು ಬಾಯಿ ಬರಲಿಲ್ಲ. ರಿಪೇರಿ ಖರ್ಚು ಮಾತ್ರ ನಮ್ಮದು, 97.4 ಕೋಟಿ ಡಾಲರ್. ಬಿಚ್ಚಿ ನೋಡುತ್ತಾ ನೋಡುತ್ತಾ ಅದು 235 ಕೋಟಿ ಡಾಲರ್‌ಗೆ ಏರಿತು. 2008ರಲ್ಲಿ ಬರಬೇಕಿದ್ದ ಹಡಗು 2013ರ ನವೆಂಬರಿನಲ್ಲಿ ಕೈಗೆ ಸಿಕ್ಕಿ, ವಿಕ್ರಮಾದಿತ್ಯ ಎಂಬ ಹೊಸ ಹೆಸರು ಹೊತ್ತು 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಕಾರವಾರದವರಿಗೆ ಕಾಯುವುದು ಹೊಸದಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾದ ಮೇಲೆ ಮನೆ, ಗದ್ದೆ, ದೋಣಿ ನಿಲ್ಲಿಸುವ ಜಾಗ ಬಿಟ್ಟುಕೊಟ್ಟ ಊರುಗಳು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದವು. ರಕ್ಷಣಾ ಸಚಿವಾಲಯಕ್ಕೆ ಭೇದಭಾವವಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ: ನಿರಾಶ್ರಿತರನ್ನೂ ಅಡ್ಮಿರಲ್‌ಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಹಡಗಿನ ಜೊತೆಗೇ ವಿಮಾನವೂ ನಿಶ್ಚಯವಾಗಿತ್ತು. ಮಿಗ್-29ಕೆ. ರಷ್ಯಾದ ನೌಕಾಪಡೆಯೇ 1990ರ ದಶಕದಲ್ಲಿ ಇದನ್ನು ಬದಿಗಿಟ್ಟು ಸುಖೋಯ್-33 ಆರಿಸಿಕೊಂಡಿತ್ತು. ಮೂಲೆ ಸೇರಿದ್ದ ವಿಮಾನಕ್ಕೆ ನಮ್ಮ ಆರ್ಡರು ಮರುಜೀವ ಕೊಟ್ಟಿತು. ಮೊದಲು 16, ಆಮೇಲೆ 2010ರಲ್ಲಿ ಇನ್ನೂ 29. 2016ರಲ್ಲಿ ಸಿಎಜಿ ಲೆಕ್ಕ ತೆಗೆದಾಗ ಒಂದೇ ಆಸನದ ಮಿಗ್‌ಗಳು ಹಾರಾಟಕ್ಕೆ ಸಿದ್ಧವಾಗಿ ಸಿಗುತ್ತಿದ್ದ ಪ್ರಮಾಣ ಶೇ 15.93ರಿಂದ ಶೇ 37.63ರವರೆಗೆ ಇತ್ತು. ಅಂದರೆ ಶತ್ರು ದೇಶದವರು ಫೋನು ಮಾಡಿ, ವಿಮಾನಗಳಿಗೆ ಅನುಕೂಲವಾದ ದಿನ ವಿಚಾರಿಸಿಕೊಂಡು ಯುದ್ಧಕ್ಕೆ ಬರಬೇಕು.

ಇನ್ನು ದೂರದ ವಿಷಯ. ಅಮೆರಿಕದ ಹಡಗುಗಳಲ್ಲೂ ಫ್ರಾನ್ಸಿನ ಶಾರ್ಲ್ ದ ಗಾಲ್‌ನಲ್ಲೂ ವಿಮಾನವನ್ನು ಬಲವಾಗಿ ಎಳೆದು ಚಿಮ್ಮಿಸುವ ಕ್ಯಾಟಪಲ್ಟ್ ಇದೆ. ನಮ್ಮ ಎರಡೂ ಹಡಗುಗಳಲ್ಲಿ, ಅಂದರೆ ವಿಕ್ರಮಾದಿತ್ಯ ಮತ್ತು ಆಮೇಲೆ ಬಂದ ವಿಕ್ರಾಂತ್‌ನಲ್ಲಿ, ಇರುವುದು ಮೂತಿ ಮೇಲೆತ್ತಿದ ಇಳಿಜಾರು ಮಾತ್ರ. ವಿಮಾನ ತನ್ನ ಎಂಜಿನ್ನಿನ ಬಲದಿಂದಲೇ ಓಡಿ ಜಿಗಿಯಬೇಕು, ಹಾಗಾಗಿ ಹೊರುವ ಭಾರಕ್ಕೆ ಮಿತಿ. ಇಂಧನ ತುಂಬಿಸಿದರೆ ಕ್ಷಿಪಣಿ ಇಳಿಸಬೇಕು, ಕ್ಷಿಪಣಿ ಏರಿಸಿದರೆ ಇಂಧನ ಇಳಿಸಬೇಕು. ದೂರ ಹೋಗಿ ಬರಿಗೈಯಲ್ಲಿ ನಿಲ್ಲುವುದೋ, ಕೈತುಂಬ ಆಯುಧ ಹಿಡಿದು ಮನೆಯಂಗಳದಲ್ಲೇ ಸುತ್ತುವುದೋ ಎಂಬ ತತ್ತ್ವಜಿಜ್ಞಾಸೆಯನ್ನು ಪೈಲಟ್ ದಿನಾ ಬೆಳಗ್ಗೆ ಮಾಡಿಕೊಳ್ಳಬೇಕು. ಶತ್ರುವನ್ನು ದೂರದಿಂದ ಕಾಣುವ ಭಾರಿ ರೇಡಾರ್ ವಿಮಾನಗಳೂ ಕ್ಯಾಟಪಲ್ಟ್ ಇಲ್ಲದ ಹಡಗಿನಿಂದ ಏಳಲಾರವು. ಆ ಕೆಲಸಕ್ಕೆ ನಮ್ಮಲ್ಲಿ ಕಾಮೋವ್-31 ಹೆಲಿಕಾಪ್ಟರ್ ಇದೆ. ಪಾಪ, ಕೈಲಾದಷ್ಟು ನೋಡುತ್ತದೆ.

ಕೊಚ್ಚಿಯಲ್ಲಿ ಸುಮಾರು 20,000 ಕೋಟಿ ರೂಪಾಯಿಗೆ ನಾವೇ ಕಟ್ಟಿದ ವಿಕ್ರಾಂತ್ 2022ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿತು. ಹೆಮ್ಮೆಪಡಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಲಿಫ್ಟಿನ ಅಳತೆ ಹಳೆಯ ಮಿಗ್‌ನದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಗಾದೆ ನಗುತ್ತದೆ. ನಾವು ಒಂದು ಹೆಜ್ಜೆ ಮುಂದೆ ಹೋಗಿ, ಹೊಲಿದಿಟ್ಟ ಕುಲಾವಿಗೆ ಹೊಂದುವ ತಲೆ ಹುಡುಕುತ್ತಾ ಊರೂರು ತಿರುಗಿದೆವು.

ಆ ಹುಡುಕಾಟದಲ್ಲಿ 2022ರಲ್ಲಿ ಗೋವಾದ ನೌಕಾನೆಲೆಗೆ ಇಬ್ಬರು ಬಂದರು. ಜನವರಿಯಲ್ಲಿ ಫ್ರಾನ್ಸಿನ ರಫೇಲ್-ಎಂ, ಮೇ ತಿಂಗಳ ಹೊತ್ತಿಗೆ ಅಮೆರಿಕದ ಸೂಪರ್ ಹಾರ್ನೆಟ್. ಇಬ್ಬರೂ ಕ್ಯಾಟಪಲ್ಟ್ ಮನೆಯಲ್ಲಿ ಬೆಳೆದವರು; ನಮ್ಮ ಇಳಿಜಾರಿನ ಮೇಲೆ ಓಡಿ ತೋರಿಸಿ ಎಂದೆವು, ತೋರಿಸಿದರು. ಹಾರ್ನೆಟ್ಟಿನ ರೆಕ್ಕೆ ಮಡಚುತ್ತದೆ, ಎರಡು ಆಸನದ್ದೂ ಹಡಗಿನ ಮೇಲೆ ಇಳಿಯುತ್ತದೆ. ಸಾಲದ್ದಕ್ಕೆ ಅದೇ ಮೇ ತಿಂಗಳಲ್ಲಿ ‘ಟಾಪ್ ಗನ್: ಮೇವರಿಕ್’ ಬಿಡುಗಡೆಯಾಗಿ ಹಾರ್ನೆಟ್ ಥಿಯೇಟರುಗಳಲ್ಲೂ ಶಿಳ್ಳೆ ಗಿಟ್ಟಿಸುತ್ತಿತ್ತು. ಗೆದ್ದದ್ದು ರೆಕ್ಕೆ ಮಡಚದ ರಫೇಲ್. ವಾಯುಪಡೆಯ ಬಳಿ ಆಗಲೇ 36 ರಫೇಲ್ ಇದ್ದವಲ್ಲ, ಬಿಡಿಭಾಗ, ತರಬೇತಿ ಎಲ್ಲಕ್ಕೂ ಅನುಕೂಲ. ಇದು ಗಟ್ಟಿ ಕಾರಣವೇ. ಇಷ್ಟು ಗಟ್ಟಿ ಕಾರಣ ಲಿಫ್ಟಿನ ನಕ್ಷೆ ಬರೆಯುವಾಗ ಯಾರಿಗಾದರೂ ಹೊಳೆದಿದ್ದರೆ ಚೆನ್ನಾಗಿತ್ತು.

ನಮ್ಮ ಬೆಂಗಳೂರಿನ ನೌಕಾ ತೇಜಸ್ಸಿನ ಕಥೆಯೇ ಬೇರೆ. ಭಾರ ಹೆಚ್ಚು, ಹಡಗಿಗೆ ಆಗದು ಎಂದು ನೌಕಾಪಡೆ 2016ರಲ್ಲೇ ಹೇಳಿತು. ಅದು 2020ರ ಜನವರಿಯಲ್ಲಿ ವಿಕ್ರಮಾದಿತ್ಯದ ಮೇಲೆ, 2023ರಲ್ಲಿ ವಿಕ್ರಾಂತ್ ಮೇಲೆ ಇಳಿದು ತೋರಿಸಿತು. ಚಪ್ಪಾಳೆ ಬಿತ್ತು, ಆರ್ಡರು ಬೀಳಲಿಲ್ಲ. ಅದರ ಬದಲಿಗೆ ಎರಡು ಎಂಜಿನ್ನಿನ ಹೊಸ ವಿಮಾನದ ಮಾದರಿ ಯಲಹಂಕದ ಏರೋ ಇಂಡಿಯಾದಲ್ಲಿ ಕಾಣಿಸಿಕೊಂಡಿದೆ. ಮಾದರಿಗೆ ಇಂಧನದ ಚಿಂತೆಯೂ ಇಲ್ಲ, ಲಿಫ್ಟಿನ ಚಿಂತೆಯೂ ಇಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ, ವಾಯುಪಡೆ 2020ರ ಜನವರಿಯಲ್ಲಿ ತಂಜಾವೂರಿನಲ್ಲಿ ಸುಖೋಯ್-30 ಪಡೆಯೊಂದನ್ನು ನಿಲ್ಲಿಸಿತು. ಸುಮಾರು 3,000 ಕಿ.ಮೀ. ಹಾರುವ ವಿಮಾನ, ಹೊಟ್ಟೆಯ ಕೆಳಗೆ ಎರಡೂವರೆ ಟನ್ ತೂಕದ ಬ್ರಹ್ಮೋಸ್. ಸಮುದ್ರದಲ್ಲಿ ದೂರ ಹೋಗಿ ದೊಡ್ಡ ಹಡಗಿಗೆ ಹೊಡೆಯಬಲ್ಲ ನಮ್ಮ ವಿಮಾನ ಭತ್ತದ ಗದ್ದೆಗಳ ನಡುವೆ, ಉದ್ದನೆಯ ರನ್‌ವೇ ಮೇಲೆ ಹಾಯಾಗಿದೆ. ಸಮುದ್ರದ ಮೇಲಿನ ಆಕಾಶ ಸಮುದ್ರದವರದೋ ಆಕಾಶದವರದೋ ಎಂಬ ದಾಯಾದಿ ವ್ಯಾಜ್ಯ ಎರಡು ಪಡೆಗಳ ನಡುವೆ ಹಳೆಯದು, ಅದರೊಳಗೆ ತಲೆಹಾಕುವ ಧೈರ್ಯ ನನಗಿಲ್ಲ. ಆದರೆ ಹಡಗು, ಲಿಫ್ಟು, ರೆಕ್ಕೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಯಾವ ಕೆಲಸ ದಡದಿಂದ ಆಗುತ್ತದೆ, ಯಾವುದಕ್ಕೆ ಹಡಗೇ ಬೇಕು ಎಂದು ಎರಡೂ ಮನೆಯವರು ಒಂದೇ ಜಗಲಿಯಲ್ಲಿ ಕೂತು ಮಾತಾಡಬಹುದಿತ್ತು.

ಖರೀದಿಯ ಗಣಿತವನ್ನೂ ನೋಡಿ. ವಾಯುಪಡೆ 2007ರಲ್ಲಿ 126 ವಿಮಾನಕ್ಕೆ ಟೆಂಡರು ಕರೆದು 2016ರಲ್ಲಿ 36ಕ್ಕೆ ಸಹಿ ಹಾಕಿತು. ನೌಕಾಪಡೆ 2017ರಲ್ಲಿ 57 ಬೇಕೆಂದು ವಿಚಾರಿಸಿ, 2025ರ ಏಪ್ರಿಲ್ 28ರಂದು 26ಕ್ಕೆ ಒಪ್ಪಂದ ಮಾಡಿಕೊಂಡಿತು, ಸುಮಾರು 63,000 ಕೋಟಿ ರೂಪಾಯಿಗೆ. ವರ್ಷ ಕೂಡುತ್ತಾ ಹೋದಂತೆ ವಿಮಾನ ಕಳೆಯುತ್ತಾ ಬರುತ್ತದೆ. ಆ 26ರಲ್ಲಿ ನಾಲ್ಕು ಎರಡು ಆಸನದವು, ತರಬೇತಿಗೆ. ಹಡಗಿನ ಮೇಲೆ ಇಳಿಯುವ ಎರಡು ಆಸನದ ರಫೇಲನ್ನು ಡಸೋ ಕಂಪನಿ ತಯಾರಿಸುವುದೇ ಇಲ್ಲ. ಹಡಗಿಗೆಂದು ಕೊಂಡ ವಿಮಾನಗಳಲ್ಲಿ ನಾಲ್ಕು ಜೀವಮಾನವೆಲ್ಲ ನೆಲದ ಮೇಲೇ ಇರುತ್ತವೆ. ಉಳಿದ 22 ಬಂದು ಮುಗಿಯುವುದು 2030ಕ್ಕೆ.

ಮೂರನೆಯ ವಿಮಾನವಾಹಕ ಹಡಗಿನ ಮಾತು ಈಗ ಮತ್ತೆ ಎದ್ದಿದೆ. ಸಚಿವಾಲಯದ ಮಹನೀಯರೇ, ಈ ಸಲವಾದರೂ ವಿಮಾನ ಯಾವುದೆಂದು ಮೊದಲು ಬಾಯಿಬಿಟ್ಟು ಹೇಳಿ. ಲಿಫ್ಟಿನ ಅಳತೆ ಆಮೇಲೆ ತೆಗೆಸೋಣ.