ಟಿ.ವಿ. ಮನೆಯ ಯಜಮಾನರು

1980ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಸುತ್ತಮುತ್ತಲ ಪಟ್ಟಣಗಳಲ್ಲೂ ಬೀದಿಗೊಬ್ಬರಂತೆ ಹುಟ್ಟಿಕೊಂಡು, ದಶಕ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ನಾಮಾವಶೇಷವಾದ ಒಂದು ಗೃಹಸ್ಥವರ್ಗವನ್ನು ‘ಟಿ.ವಿ. ಮನೆಯ ಯಜಮಾನರು’ ಎಂಬ ಹೆಸರಿನಿಂದ ಗುರುತಿಸಬಹುದು. ಬೀದಿಗೆ ಮೊದಲ ಟೆಲಿವಿಷನ್ ಸೆಟ್ಟು ತಂದವರು ಎಂಬುದಷ್ಟೇ ಈ ವರ್ಗದ ಲಕ್ಷಣವಲ್ಲ. ತಂದ ಮೇಲೆ ಅದನ್ನು ಒಂದು ದಿನವೂ ನೆಮ್ಮದಿಯಾಗಿ ಕೂತು ನೋಡದಿರುವುದು ಅದಕ್ಕಿಂತ ಮುಖ್ಯವಾದ ಲಕ್ಷಣ. ಬ್ಯಾಂಕಿನಲ್ಲೋ ಸರ್ಕಾರಿ ಕಾರ್ಖಾನೆಯಲ್ಲೋ ಕೆಲಸದಲ್ಲಿದ್ದು, ನೌಕರರ ಸೊಸೈಟಿಯಲ್ಲಿ ಸಾಲ ಎತ್ತಿ, ತಿಂಗಳ ಸಂಬಳದಲ್ಲಿ ಕಂತು ಮುರಿಸಿಕೊಳ್ಳುತ್ತಿದ್ದ ಇವರ ನಿಜವಾದ ಹೆಸರು ಕ್ರಮೇಣ ಬಳಕೆ ತಪ್ಪಿ, ಮಕ್ಕಳ ಬಾಯಲ್ಲಿ ‘ಟಿ.ವಿ. ಮಾಮ’ ಎಂದೂ ದೊಡ್ಡವರ ಬಾಯಲ್ಲಿ ‘ಟಿ.ವಿ. ಮನೆಯವರು’ ಎಂದೂ ನಿಂತುಬಿಡುತ್ತಿತ್ತು.

ಭಾರತದಲ್ಲಿ ಟೆಲಿವಿಷನ್ ಪ್ರಸಾರವು 1959ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿದ್ದರೂ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಆದಕಾರಣ ಈ ನಾಡಿನಲ್ಲಿ ಟಿ.ವಿ. ಕಂಡ ಮೊದಲಿಗರಲ್ಲಿ ತಾವೂ ಒಬ್ಬರೆಂದು ಯಜಮಾನರು ದೃಢವಾಗಿ ನಂಬಿದ್ದರು. ವಾಸ್ತವದಲ್ಲಿ 1975–76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಎಂಬ ಪ್ರಯೋಗದಲ್ಲಿ, ಎಂದರೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಉಪಗ್ರಹದಿಂದ ನೇರವಾಗಿ ಊರಿನ ಸಾಮೂಹಿಕ ಟಿ.ವಿ.ಗೆ ತಲುಪಿಸುವ ಪ್ರಯೋಗದಲ್ಲಿ, ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಯವರು ರಾಜಧಾನಿಯವರಿಗಿಂತ ವರ್ಷಗಳಷ್ಟು ಮುಂಚೆಯೇ ಬಯಲಿನಲ್ಲಿ ಕೂತು ಟಿ.ವಿ. ನೋಡಿ ಮುಗಿಸಿದ್ದರು. ಈ ಸಂಗತಿಯನ್ನು ಯಜಮಾನರಿಗೆ ತಿಳಿಸುವ ಧೈರ್ಯ ಬೀದಿಯಲ್ಲಿ ಯಾರಿಗೂ ಇದ್ದಂತಿಲ್ಲ.

ಸೆಟ್ಟು ಬಂದ ದಿನ ಅದಕ್ಕೆ ಅರಿಸಿನ ಕುಂಕುಮವಿಟ್ಟು ಆರತಿ ಎತ್ತುವುದು ರೂಢಿಯಾಗಿತ್ತು. ಎರಡೂ ಬದಿಗೆ ಸರಿಯುವ ಬಾಗಿಲುಗಳುಳ್ಳ ಮರದ ಪೆಟ್ಟಿಗೆ, ಅದರ ಮೇಲೆ ಮನೆಯಾಕೆ ಹೆಣೆದ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೊಂದು ತಲೆ ಅಲ್ಲಾಡಿಸುವ ಬೊಂಬೆ, ಪಕ್ಕದಲ್ಲಿ ಗುಂಯ್‌ಗುಡುವ ಸ್ಟೆಬಿಲೈಸರ್, ಎಂದರೆ ವಿದ್ಯುತ್ತಿನ ಏರಿಳಿತವನ್ನು ಹದಕ್ಕೆ ತಂದು ಸೆಟ್ಟಿಗೆ ಕೊಡುವ ಡಬ್ಬಿ: ಇಷ್ಟು ಸೇರಿದರೆ ಪರಿವಾರ ಪೂರ್ಣ. ದಶಕದ ಮೊದಲ ವರ್ಷಗಳಲ್ಲಿ ರೇಡಿಯೊದಂತೆ ಟಿ.ವಿ.ಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಿ ಲೈಸೆನ್ಸ್ ಮಾಡಿಸಬೇಕಾಗಿತ್ತು. ಉಳಿದವರು ಗೊಣಗುತ್ತ ಕಟ್ಟುತ್ತಿದ್ದ ಈ ಶುಲ್ಕವನ್ನು ಯಜಮಾನರು ಸಡಗರದಿಂದ ಕಟ್ಟುತ್ತಿದ್ದರು, ಕೌಂಟರಿನಲ್ಲಿ ‘ಟಿ.ವಿ.ದು’ ಎಂದು ಹೇಳುವಾಗ ಸರತಿಯ ಕೊನೆಯವನಿಗೂ ಕೇಳಿಸುವಷ್ಟು ದನಿ ಎತ್ತುತ್ತಿದ್ದರೆಂಬುದನ್ನು ಮಾತ್ರ ಇಲ್ಲಿ ಗಮನಿಸಿದರೆ ಸಾಕು.

ಯಜಮಾನರ ವಿದ್ವತ್ತು ಸಂಪೂರ್ಣವಾಗಿ ಪ್ರಕಟವಾಗುತ್ತಿದ್ದುದು ಆಂಟೆನಾದ ವಿಷಯದಲ್ಲಿ. ಪ್ರಸಾರ ಕೇಂದ್ರದ ಗೋಪುರದಿಂದ ಬರುವ ತರಂಗಗಳನ್ನು ಹಿಡಿಯಲು ಮಹಡಿಯ ಮೇಲೆ ಕಬ್ಬಿಣದ ಪೈಪಿಗೆ ಬಿಗಿದ ಅಲ್ಯೂಮಿನಿಯಂ ಕಡ್ಡಿಗಳ ಸಾಲಿಗೆ ಆಂಟೆನಾ ಎಂದು ಹೆಸರು. ಅದರ ಮುಖ ಗೋಪುರದತ್ತ ನೆಟ್ಟಗಿದ್ದರೆ ಚಿತ್ರ ನಿಚ್ಚಳ, ಗಾಳಿಗೋ ಕಾಗೆಯ ಭಾರಕ್ಕೋ ಅದು ಸ್ವಲ್ಪ ತಿರುಗಿದರೂ ತೆರೆಯ ತುಂಬ ಬಿಳಿಯ ಚುಕ್ಕೆಗಳು. ತರಂಗವು ನೇರವಾಗಿಯೂ ಎದುರಿನ ಗುಡ್ಡಕ್ಕೋ ನೀರಿನ ಟ್ಯಾಂಕಿಗೋ ಬಡಿದು ತುಸು ತಡವಾಗಿಯೂ ಬಂದರೆ ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ನೆರಳು ಮೂಡುತ್ತಿತ್ತು. ಇದಕ್ಕೆ ಯಜಮಾನರು ‘ಘೋಸ್ಟ್’ ಎಂಬ ಪಾರಿಭಾಷಿಕ ಪದವನ್ನೇ ಬಳಸುತ್ತಿದ್ದುದರಿಂದ, ಸಣ್ಣ ಮಕ್ಕಳು ರಾತ್ರಿ ಆ ಮನೆಯ ಮುಂದೆ ಒಬ್ಬೊಬ್ಬರೇ ಓಡಾಡುತ್ತಿರಲಿಲ್ಲ.

ಆಂಟೆನಾ ತಿರುಗಿಸುವ ವಿಧಿಗೆ ಕನಿಷ್ಠ ಮೂವರು ಬೇಕು. ಮಹಡಿಯ ಮೇಲೆ ಪೈಪು ಹಿಡಿದ ಹಿರಿಮಗ, ಕಿಟಕಿಯಲ್ಲಿ ತಲೆ ಹೊರಹಾಕಿ ಸುದ್ದಿ ಮುಟ್ಟಿಸುವ ಕಿರಿಮಗಳು, ಸೆಟ್ಟಿನ ಮುಂದೆ ತೀರ್ಪು ಕೊಡುವ ಯಜಮಾನರು. ‘ಬಂತಾ?’ ಎಂದು ಮೇಲಿನಿಂದ. ‘ಬಂತು, ಬಂತು, ಅಯ್ಯೋ, ಹೋಯ್ತು!’ ಎಂದು ಕೆಳಗಿನಿಂದ. ಮೇಲಿನ ಪ್ರಶ್ನೆ ಕೆಳಗಿಳಿದು, ಕೆಳಗಿನ ಉತ್ತರ ಮೇಲೇರುವಷ್ಟರಲ್ಲಿ ಪೈಪು ಇನ್ನೊಂದು ಗೇಣು ತಿರುಗಿರುತ್ತಿದ್ದುದರಿಂದ ‘ಬಂತು’ ಎಂಬ ವರದಿ ಯಾವ ಸ್ಥಾನಕ್ಕೆ ಸೇರಿದ್ದೆಂಬುದು ಯಾವಾಗಲೂ ವಿವಾದಾಸ್ಪದ. ಇದಕ್ಕಿಂತ ಘೋರವಾದದ್ದು ಹುಡುಗ ಪೈಪು ಹಿಡಿದಿರುವವರೆಗೆ ಚಿತ್ರ ಸೊಗಸಾಗಿದ್ದು, ಕೈ ಬಿಟ್ಟೊಡನೆ ಕದಡುವ ಪರಿಸ್ಥಿತಿ. ಮನುಷ್ಯಶರೀರವೂ ವಿದ್ಯುತ್ ವಾಹಕವಾದ್ದರಿಂದ ಆಂಟೆನಾದ ಬಳಿ ನಿಂತವನು ತರಂಗದ ಹಾದಿಯನ್ನು ಅಷ್ಟಿಷ್ಟು ಬದಲಿಸುತ್ತಾನೆ ಎಂಬುದು ಇದರ ಭೌತಶಾಸ್ತ್ರ. ಯಜಮಾನರು ಇದರಿಂದ ತೆಗೆದ ವ್ಯಾವಹಾರಿಕ ಸಿದ್ಧಾಂತವೆಂದರೆ, ಸಿನಿಮಾ ಮುಗಿಯುವವರೆಗೆ ಹುಡುಗ ಅಲ್ಲೇ ನಿಂತಿರತಕ್ಕದ್ದು. ಆ ಪೀಳಿಗೆಯ ಹಿರಿಮಕ್ಕಳು ಎಷ್ಟೋ ಚಿತ್ರಗಳ ಕತೆಯನ್ನು ಇಂದಿಗೂ ಬರಿಯ ಸಂಭಾಷಣೆಯ ಮೇಲೆ ಹೇಳಬಲ್ಲರು.

ಒಳಗಿನ ಆಡಳಿತವೂ ಸರಳವಾಗಿರಲಿಲ್ಲ. ಮಕ್ಕಳು ನೆಲದ ಮೇಲೆ, ಹೆಂಗಸರು ಚಾಪೆಯ ಮೇಲೆ, ಹಿರಿಯರು ಕುರ್ಚಿಯ ಮೇಲೆ, ಬಾಡಿಗೆದಾರರು ಬಾಗಿಲಲ್ಲಿ ಎಂಬ ಕ್ರಮವನ್ನು ಕಾಯುತ್ತ, ಮುಂದೆ ಜರುಗಿದವರನ್ನು ‘ಹಿಂದೆ ಸರಿಯೋ, ಕಣ್ಣು ಹೋಗುತ್ತೆ’ ಎಂದು ಗದರಿಸುತ್ತ, ಯಜಮಾನರು ಟಿ.ವಿ.ಗೆ ಬೆನ್ನು ಮಾಡಿ ಜನರನ್ನೇ ನೋಡುತ್ತಿದ್ದರು. ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ, ಎಂದರೆ ಪ್ರಸಾರ ಕೆಟ್ಟಾಗ ದೂರದರ್ಶನ ಕ್ಷಮೆ ಕೋರಿ ತೋರಿಸುತ್ತಿದ್ದ ಸೂಚನೆ, ಬೀದಿಯ ಮಕ್ಕಳು ಅರ್ಥಸಹಿತ ಕಲಿತ ಮೊದಲ ಹಿಂದಿ ವಾಕ್ಯ. ಅದು ಕಂಡಾಗಲೆಲ್ಲ ತಪ್ಪು ತಮ್ಮದೇ ಎಂಬಂತೆ ಯಜಮಾನರು ಎದ್ದು ನಿಂತು, ‘ದಿಲ್ಲಿಯಿಂದಲೇ ಹೋಗಿದೆ, ನಮ್ಮ ಸೆಟ್ಟು ಸರಿಯಾಗಿಯೇ ಇದೆ’ ಎಂದು ಸಭೆಗೆ ಹೇಳಿಕೆ ಕೊಡುತ್ತಿದ್ದರು. 1987ರ ಜನವರಿಯಲ್ಲಿ ಭಾನುವಾರ ಬೆಳಗಿನ ‘ರಾಮಾಯಣ’ ಶುರುವಾದ ಮೇಲೆ ಅವರಿಗೆ ದುಭಾಷಿಯ ಪದವಿಯೂ ಬಂತು, ಏಕೆಂದರೆ ಎಂದೋ ಹಿಂದಿ ಪ್ರಚಾರದ ಪರೀಕ್ಷೆ ಪಾಸು ಮಾಡಿದ್ದವರು ಅವರೊಬ್ಬರೇ. ಆದರೆ ಅವರು ಕ್ರಿಯಾಪದ ಹುಡುಕುತ್ತಿರುವಾಗಲೇ ಮೂಲೆಯ ಅಜ್ಜಿಯೊಬ್ಬರು ಕೈಕೇಯಿಯ ಎರಡು ವರಗಳನ್ನೂ ಹೇಳಿ ಮುಗಿಸಿ, ಕಣ್ಣೊರೆಸಿಕೊಂಡೂ ಆಗಿರುತ್ತಿತ್ತು.

ಇಷ್ಟು ಹೊತ್ತು ಮನೆಯಾಕೆ ಅಡುಗೆಮನೆಯಲ್ಲಿರುತ್ತಿದ್ದರೆಂಬುದನ್ನು ಹೇಳಲೇಬೇಕು. ಬಂದವರಿಗೆ ನೀರು, ಬೇಕಾದವರಿಗೆ ಕಾಫಿ, ಎಲ್ಲ ಹೋದ ಮೇಲೆ ಕಡಲೆಕಾಯಿ ಸಿಪ್ಪೆ ಗುಡಿಸುವುದು, ಸಾಲದ್ದಕ್ಕೆ ಅದಲುಬದಲಾದ ಚಪ್ಪಲಿಗಳ ನ್ಯಾಯ ತೀರಿಸುವುದು: ಯಜಮಾನರ ಕೀರ್ತಿಯ ಖರ್ಚುಗಳೆಲ್ಲ ಆಕೆಯ ಲೆಕ್ಕಕ್ಕೆ ಬೀಳುತ್ತಿದ್ದವು.

ಭಾನುವಾರ ಮಧ್ಯಾಹ್ನ ರಾಷ್ಟ್ರೀಯ ಜಾಲದಲ್ಲಿ ಬರುತ್ತಿದ್ದ ಪ್ರಾದೇಶಿಕ ಭಾಷೆಯ ಚಲನಚಿತ್ರವೂ ಯಜಮಾನರ ಮಾನಕ್ಕೆ ಸಂಬಂಧಿಸಿದ್ದಾಗಿತ್ತು. ಒಂದೊಂದು ವಾರ ಒಂದೊಂದು ಭಾಷೆಗೆ ಸರದಿಯಿದ್ದುದರಿಂದ ಕನ್ನಡಕ್ಕಾಗಿ ತಿಂಗಳುಗಟ್ಟಲೆ ಕಾದು, ಆ ದಿನ ನೆಂಟರನ್ನೂ ಕರೆಸಿ ಸಭೆ ಕೂಡಿಸಿದರೆ, ಅಲ್ಲಿ ಪ್ರಶಸ್ತಿ ಪಡೆದ ಚಿತ್ರಗಳಿಗೇ ಆದ್ಯತೆ ಇದ್ದುದರಿಂದ, ರಾಜಕುಮಾರರ ಫೈಟಿಂಗಿಗಾಗಿ ಬಂದವರಿಗೆ ಬಾವಿಕಟ್ಟೆಯ ಮೇಲೆ ಮೌನವಾಗಿ ಕೂತ ವಿಧವೆಯೊಬ್ಬಳ ದರ್ಶನವಾಗುತ್ತಿತ್ತು. ಆಕೆ ಕೊಡ ಎತ್ತುವಷ್ಟರಲ್ಲಿ ಅರ್ಧ ಸಭೆ ಎದ್ದು ಹೋಗಿರುತ್ತಿತ್ತು. ‘ಇದು ಆರ್ಟ್ ಸಿನಿಮಾ, ಸ್ವರ್ಣಕಮಲ ಬಂದಿದೆ’ ಎಂಬ ಯಜಮಾನರ ಸಮರ್ಥನೆ ಚಪ್ಪಲಿ ಮೆಟ್ಟುವವರ ಬೆನ್ನಿಗೆ ಬೀಳುತ್ತಿತ್ತು.

ದೇಶದಲ್ಲಿ ಬಣ್ಣದ ಪ್ರಸಾರ 1982ರಲ್ಲೇ ಬಂದಿದ್ದರೂ ಯಜಮಾನರ ಸೆಟ್ಟು ಕಪ್ಪು ಬಿಳುಪಿನದು. ಅದರ ಗಾಜಿಗೆ ಅವರು ನೀಲಿ ಛಾಯೆಯ ಪ್ಲಾಸ್ಟಿಕ್ ಹಾಳೆ ತೂಗುಹಾಕಿ ಕೆಲವು ವರ್ಷ ಕಾಲ ನೂಕಿದರು; ಅಷ್ಟರಲ್ಲಿ ಎದುರುಮನೆಯವರೂ ಮೂಲೆಮನೆಯವರೂ ಸೆಟ್ಟು ತಂದು, ಸಭೆ ಹಂಚಿಹೋಯಿತು. 1988ರಲ್ಲಿ ‘ಮಹಾಭಾರತ’ ಆರಂಭವಾದಾಗ ಎದುರುಮನೆಯ ಹೊಸ ಕಲರ್ ಟಿ.ವಿ.ಯ ಮುಂದೆ ಅವರಿಗೂ ಗೌರವದ ಕುರ್ಚಿಯೊಂದು ಸಿಕ್ಕಿತು. ಕೂತ ಸ್ವಲ್ಪ ಹೊತ್ತಿಗೆ, ‘ಪೀತಾಂಬರದ ಹಳದಿ ಕಣ್ಣಿಗೆ ಹೊಡೀತಿದೆ, ಕಲರ್ ಸ್ವಲ್ಪ ಕಮ್ಮಿ ಮಾಡಿ’ ಎಂದರು. ಆ ಮನೆಯವರು, ಅಧಿಕಾರಕ್ಕೆ ಹೊಸಬರಾದ್ದರಿಂದ, ಎದ್ದು ಹೋಗಿ ಗುಂಡಿ ತಿರುಗಿಸಿದರು. ‘ಇನ್ನೂ ಸ್ವಲ್ಪ’ ಎಂದರು ಯಜಮಾನರು. ದ್ರೌಪದಿಯ ಸೀರೆ, ಶಕುನಿಯ ಪೇಟ, ಹಸ್ತಿನಾವತಿಯ ರತ್ನಗಂಬಳಿ ಒಂದೊಂದಾಗಿ ಬೂದಿಬಣ್ಣಕ್ಕೆ ತಿರುಗಿದ ಮೇಲೆ, ‘ಹಾಂ, ಈಗ ಸರಿಯಾಯ್ತು ನೋಡಿ’ ಎಂದು ಕುರ್ಚಿಗೆ ಒರಗಿದರು.