ಶ್ರೀರಂಗಪಟ್ಟಣ ಪಾದಚಾರ ಮೀಮಾಂಸೆ

ಅನುಬಂಧ ಚತುಷ್ಟಯ

ವಿಷಯ, ಸಂಬಂಧ, ಪ್ರಯೋಜನ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಯಾವ ಶಾಸ್ತ್ರಗ್ರಂಥವೂ ಮುಂದಡಿಯಿಡುವುದಿಲ್ಲ. ಪ್ರಸ್ತುತ ಗ್ರಂಥವೂ ಆ ಮರ್ಯಾದೆಯನ್ನು ಮೀರದು. ವಿಷಯ: ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣವನ್ನು ಗೈಡಿನ ಹಂಗಿಲ್ಲದೆ ನಡೆದು ನೋಡುವುದು. ಸಂಬಂಧ: ಚಪ್ಪಲಿಗೂ ಡಾಂಬರಿಗೂ ಇರುವಂಥದ್ದು. ಪ್ರಯೋಜನ: ಗೈಡಿಗೆ ಸಲ್ಲಬೇಕಾದ ದುಡ್ಡು ಉಳಿದು, ಅದು ಎಳನೀರು, ಚುರುಮುರಿ ಮತ್ತು ಆಟೊಗಳಿಗೆ ಕ್ರಮವಾಗಿ ಸಂದಾಯವಾಗುವುದು. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನು: ಬೆಂಗಳೂರು–ಮೈಸೂರು ರೈಲಿನಿಂದ ಪಟ್ಟಣದ ಸ್ಟೇಷನ್ನಿನಲ್ಲಿ ಇಳಿದವನು. ಕಾರಿನವನಿಗೆ ಅಧಿಕಾರವಿಲ್ಲ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಅವನನ್ನು ಊರ ಹೊರಗಿಂದಲೇ ಮೈಸೂರಿಗೆ ದಾಟಿಸಿಬಿಡುವುದರಿಂದ ಅವನು ಶಾಸ್ತ್ರದ ಹೊಸಿಲನ್ನೇ ತುಳಿಯಲಾರ.

ಪೂರ್ವಪಕ್ಷ

ಪೂರ್ವಪಕ್ಷಿಗಳು ಹೀಗೆ ವಾದಿಸುತ್ತಾರೆ: ಪ್ರವಾಸಿ ಜಂಗಮ, ಸ್ಮಾರಕ ಸ್ಥಾವರ. ಸ್ಥಾವರವು ಇದ್ದಲ್ಲೇ ಇರುತ್ತದೆ. ಆದ್ದರಿಂದ ಮೊಬೈಲಿನಲ್ಲೊಂದು ನಕ್ಷೆಯಿದ್ದರೆ ಗೈಡು ದಂಡ. ಅಲ್ಲದೆ ದ್ವೀಪದಲ್ಲಿ ದಾರಿ ತಪ್ಪುವುದಾದರೂ ಹೇಗೆ? ತಪ್ಪಿದವನು ಹೆಚ್ಚೆಂದರೆ ಹೊಳೆಗೆ ಬಂದು ಮುಟ್ಟುತ್ತಾನೆ, ಹೊಳೆ ಕಂಡರೆ ತಿರುಗಿಕೊಳ್ಳುತ್ತಾನೆ. ಕಾವೇರಿ ಪೂರ್ವಕ್ಕೆ ಹರಿಯುವವಳಾದ್ದರಿಂದ ನೀರು ಹೋದತ್ತ ಹೋದರೆ ಸಾಕು.

ಈ ಕಡೆಯ ವಾದವನ್ನು ಕಾವೇರಿಯೇ ಖಂಡಿಸಿದ್ದಾಳೆ. ಪಟ್ಟಣದ ಪಕ್ಕದ ಪಶ್ಚಿಮವಾಹಿನಿಯಲ್ಲಿ ಅವಳು ಪಡುವಣಕ್ಕೆ ಹೊರಳುತ್ತಾಳೆ. ಅಸ್ಥಿ ಬಿಡಲು ಬಂದವರಿಗೆ ಅದು ಪುಣ್ಯದ ದಿಕ್ಕು, ಹೊಳೆಯನ್ನೇ ದಿಕ್ಸೂಚಿ ಮಾಡಿಕೊಂಡವನಿಗೆ ತಲೆಸುತ್ತು.

ಸಿದ್ಧಾಂತ

ಸಿದ್ಧಾಂತ ಇಷ್ಟೆ: ಶ್ರೀರಂಗಪಟ್ಟಣದಲ್ಲಿ ಸ್ಥಾವರವೆಂಬುದು ಹೆಚ್ಚುಕಡಿಮೆ ಇಲ್ಲ. ಈ ಊರಿನಲ್ಲಿ ಪ್ರವಾಸಿಗಿಂತ ಸ್ಮಾರಕಗಳೇ ಹೆಚ್ಚು ತಿರುಗಾಡಿವೆ. ಇದಕ್ಕೆ ಪ್ರಮಾಣಗಳನ್ನು ಶಾಸ್ತ್ರಕ್ರಮದಲ್ಲೇ ಒದಗಿಸಲಾಗಿದೆ.

ಮೊದಲನೆಯದು ಪ್ರತ್ಯಕ್ಷ ಪ್ರಮಾಣ. ಸ್ಟೇಷನ್ನಿನಲ್ಲಿ ಇಳಿದವನಿಗೆ ಹತ್ತಿರದಲ್ಲೇ ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆ ಸಿಗುತ್ತದೆ. ಇಟ್ಟಿಗೆ ಗಾರೆಯ ದಪ್ಪ ಗೋಡೆ, ನೋಡಿದರೆ ಭೂಕಂಪಕ್ಕೂ ಜಗ್ಗದ ಗಾಂಭೀರ್ಯ. ಆದರೆ ರೈಲ್ವೆ ಇಲಾಖೆ ಹಳಿಯನ್ನು ಜೋಡಿಮಾರ್ಗ ಮಾಡಲು ಹೊರಟಾಗ ಅದು ಅಡ್ಡವಾಯಿತು. 2017ರಲ್ಲಿ ಕಟ್ಟಡವನ್ನು ಬುಡಸಮೇತ ಎತ್ತಿ, ಜಾಕುಗಳ ಮೇಲೆ ಕೂರಿಸಿ, ಸುಮಾರು ನೂರು ಮೀಟರ್ ಆಚೆಗೆ ಸಾಗಿಸಲಾಯಿತು. ಸ್ಥಾವರವು ನಡೆಯಿತು ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಬೇಕೆ? ಅದು ಸ್ವಂತ ಮಾರ್ಗದರ್ಶನದಲ್ಲಿ ನಡೆಯಲಿಲ್ಲ, ಎಂಜಿನಿಯರುಗಳ ದಂಡೇ ಜೊತೆಗಿತ್ತು ಎಂಬುದು ಮಾತ್ರ ನಮ್ಮ ಶಾಸ್ತ್ರಕ್ಕೆ ತುಸು ಹಿನ್ನಡೆ.

ಎರಡನೆಯದು ಅನುಪಲಬ್ಧಿ, ಕಾಣದಿರುವುದರಿಂದಲೇ ಉಂಟಾಗುವ ಜ್ಞಾನ. ಟಿಪ್ಪುವಿನ ಅರಮನೆ ಲಾಲ್ ಮಹಲನ್ನು ಹುಡುಕುವವನಿಗೆ ರಂಗನಾಥನ ಗುಡಿಯ ಬಳಿ ಸಿಗುವುದು ತಳಪಾಯದ ಅವಶೇಷ. ಅರಮನೆಯ ತೊಲೆಗಳನ್ನು ನೋಡಲೇಬೇಕೆಂಬ ಹಟವಿದ್ದರೆ ಊಟಿಯ ಬಸ್ಸು ಹಿಡಿಯಬೇಕು; ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿಗೆ ಹೋದ ಮರ ಇಲ್ಲಿಯದು. ಸೋಲ್ಜರನ ಮೇಲೆರಗಿ ಗುರ್ ಎನ್ನುವ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಸಿಂಹಾಸನದ ಮೇಲಿದ್ದ ರತ್ನಖಚಿತ ಹುಮಾ ಹಕ್ಕಿ ಬ್ರಿಟನ್ನಿನ ರಾಜಮನೆತನದ ಸಂಗ್ರಹಕ್ಕೆ ಹಾರಿದೆ. ವಿಲ್ಕಿ ಕಾಲಿನ್ಸ್ ಎಂಬ ಇಂಗ್ಲಿಷ್ ಕಾದಂಬರಿಕಾರ 1868ರ ತನ್ನ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ ಈ ಕೋಟೆಯ ಲೂಟಿಯಿಂದ ಒಂದು ಕಲ್ಪನೆಯ ವಜ್ರವನ್ನೂ ಸಾಗಿಸಿಬಿಟ್ಟ. ನಿಜವಾದ ಒಡವೆಗಳು ಮುಗಿದ ಮೇಲೆ ಕಲ್ಪನೆಯವಕ್ಕೂ ಈ ಊರಿನಲ್ಲಿ ನಿಲುಗಡೆಯಿಲ್ಲ.

ಸರಕುಗಳ ಮಾತಾಯಿತು, ಸಂಸ್ಥೆಗಳೂ ಕಾಲು ಕಿತ್ತಿವೆ. ರಾಜ ಒಡೆಯರು 1610ರಲ್ಲಿ ಪಟ್ಟಣವನ್ನು ಗೆದ್ದು ಇಲ್ಲಿಯೇ ದಸರೆ ಶುರುಮಾಡಿದರು. ಈಗ ಜಂಬೂಸವಾರಿ ಎಂದರೆ ಜನ ಮೈಸೂರಿನತ್ತ ಕೈ ತೋರಿಸುತ್ತಾರೆ. 1799ರಲ್ಲಿ ರಾಜಧಾನಿಯೂ ಅಲ್ಲಿಗೇ ಹೋಯಿತು. ಗೆದ್ದ ಇಂಗ್ಲಿಷ್ ಸೈನ್ಯವಾದರೂ ಉಳಿಯಿತೇ ಎಂದರೆ, ದ್ವೀಪದ ಜ್ವರಕ್ಕೆ ತತ್ತರಿಸಿ 1809ರಲ್ಲಿ ಬೆಂಗಳೂರಿಗೆ ಗಂಟುಮೂಟೆ ಕಟ್ಟಿತು. ಬೆಂಗಳೂರು ದಂಡಿನ ಹುಟ್ಟಿನಲ್ಲಿ ಪಟ್ಟಣದ ಸೊಳ್ಳೆಗಳ ಪಾಲನ್ನು ಇತಿಹಾಸಕಾರರು ಇನ್ನಷ್ಟು ಗೌರವದಿಂದ ಕಾಣಬಹುದಿತ್ತು.

ಮೂರನೆಯದು ಅನುಮಾನ ಪ್ರಮಾಣ. ಬೇಸಿಗೆಯಲ್ಲಿ ಕೋಟೆಯ ಪಡುವಣ ಮೂಲೆಗೆ ಹೋಗಿ ನಿಂತವನಿಗೆ ಹೊಳೆಯ ಬಂಡೆಗಳು ಎದ್ದು ಕಾಣುತ್ತವೆ. ಮಳೆಗಾಲದ ಪ್ರವಾಹವನ್ನು ನೆನೆದರೆ, 1799ರ ಮೇ 4ರಂದೇ ಮುತ್ತಿಗೆ ಯಾಕೆ ಕೊನೆಮುಟ್ಟಿತು ಎಂಬುದು ಯಾವ ಗೈಡೂ ಹೇಳದೆ ತಿಳಿಯುತ್ತದೆ. ಮುಂಗಾರು ಇಳಿದಿದ್ದರೆ ಕಾವೇರಿಯೇ ಕಂದಕವಾಗುತ್ತಿದ್ದಳು. ಹೊಳೆ ಬತ್ತಿದ್ದಾಗಲೇ ದಾಟಬೇಕೆಂಬ ಅವಸರ ಕಂಪನಿಯದಾಗಿತ್ತು. ಅಂದು ಮುನ್ನುಗ್ಗಿದ ದಳದ ನಾಯಕ ಡೇವಿಡ್ ಬೇರ್ಡ್. ಈತ ಹಿಂದೆ ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಾಳಾಗಿದ್ದವನು. ಆದ್ದರಿಂದ ಗೈಡಿಲ್ಲದೆ ಪಟ್ಟಣ ಹೊಕ್ಕವರ ಪರಂಪರೆಯಲ್ಲಿ ಬೇರ್ಡನಿಗೆ ಆಚಾರ್ಯಸ್ಥಾನ ಸಲ್ಲಬೇಕು. ಗೆದ್ದ ಮರುದಿನವೇ ಊರಿನ ಅಧಿಕಾರವನ್ನು ಆರ್ಥರ್ ವೆಲ್ಲೆಸ್ಲಿಗೆ ಕೊಟ್ಟದ್ದು ಅವನಿಗೆ ಜೀವನವಿಡೀ ಸಂಕಟವಾಯಿತು.

ಒಬ್ಬನೇ ಮನುಷ್ಯ ಮೂರು ಕಡೆ

ಮೀಮಾಂಸೆಯ ಕಠಿಣ ಭಾಗ ಕರ್ನಲ್ ವಿಲಿಯಂ ಬೇಲಿಯದು. ಈತ 1780ರಲ್ಲಿ ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸಿಕ್ಕಿಬಿದ್ದು, 1782ರಲ್ಲಿ ಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಕೋಟೆಯ ಉತ್ತರದ ಗೋಡೆಗೆ ಅಂಟಿದ ನೆಲಮಾಳಿಗೆಗೆ ಅವನ ಹೆಸರಿದೆ. ಅವನ ಸ್ಮಾರಕವೋ ದ್ವೀಪದ ಇನ್ನೊಂದು ತುದಿಯಲ್ಲಿ, ಗುಂಬಜ್‌ನ ಬಳಿ. ಇವೆರಡರ ನಡುವಿನ ದರಿಯಾ ದೌಲತ್‌ನಲ್ಲಿ ಅವನೇ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತಿದ್ದಾನೆ.

ದರಿಯಾ ದೌಲತ್ ಟಿಪ್ಪು 1784ರಲ್ಲಿ ಕಟ್ಟಿಸಿದ ತೇಗದ ಬೇಸಿಗೆ ಅರಮನೆ. ಅದರ ಪಡುವಣ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧವಿಡೀ ನಡೆಯುತ್ತಿದೆ: ಸುತ್ತುವರಿದ ಕುದುರೆಗಳು, ಚೌಕಾಕಾರದಲ್ಲಿ ಸಿಕ್ಕಿಕೊಂಡ ಕೆಂಪಂಗಿಯವರು, ಸಿಡಿಯುತ್ತಿರುವ ಮದ್ದಿನ ಗಾಡಿ. ತಮಿಳು ಸೀಮೆಯಲ್ಲಿ ಒಂದು ದಿನದಲ್ಲಿ ಮುಗಿದ ಕಾಳಗ ಇಲ್ಲಿ ಇನ್ನೂ ಮುಗಿದಿಲ್ಲ. ಸೋಜಿಗವೆಂದರೆ ಇಂಗ್ಲಿಷರ ಈ ಸೋಲಿನ ಚಿತ್ರವನ್ನು ಉಳಿಸಿದವರೂ ಇಂಗ್ಲಿಷರೇ. ಇದೇ ಮನೆಯಲ್ಲಿ ವಾಸವಿದ್ದ ವೆಲ್ಲೆಸ್ಲಿ ಇದನ್ನು ದುರಸ್ತಿ ಮಾಡಿಸಿದ, ಮುಂದೆ ಡಾಲ್‌ಹೌಸಿ ಮತ್ತೆ ಬರೆಸಿದ. ಹೈದರ್, ಅವನ ಬೇಗಂ ಮತ್ತು ಟಿಪ್ಪು ಮಲಗಿರುವ ಗುಂಬಜ್‌ನಲ್ಲಿ ದಂತ ಕೂಡಿಸಿದ ಕರಿಮರದ ಬಾಗಿಲುಗಳಿವೆ; ಅವೂ ಡಾಲ್‌ಹೌಸಿಯ ಕಾಣಿಕೆ. ಬೇರೆಯವರ ಸಂಸ್ಥಾನಗಳನ್ನು ಒಳಹಾಕಿಕೊಳ್ಳುವುದಕ್ಕೆ ಹೆಸರಾದ ಗವರ್ನರ್ ಜನರಲ್ ಬಾಗಿಲು ಕೊಟ್ಟದ್ದನ್ನು ಪ್ರತ್ಯೇಕ ಪ್ರಕರಣದಲ್ಲಿ ವಿವೇಚಿಸಬೇಕು.

ಶಬ್ದ ಪ್ರಮಾಣ

ನಾಲ್ಕನೆಯ ಪ್ರಮಾಣ ಆಪ್ತವಾಕ್ಯ. ಪುರಾತತ್ವ ಇಲಾಖೆಯ ನೀಲಿ ಫಲಕದ ಮಾತು ಒಂದಾದರೆ, ಎಳನೀರಿನವರ ಮಾತು ಇನ್ನೊಂದು. ಟಿಪ್ಪುವಿನ ಹೆಣ ಸಿಕ್ಕ ಜಾಗದ ಕಲ್ಲನ್ನು ಹುಡುಕುವವನಿಗೆ ಅವರು ಕತ್ತಿಯ ತುದಿಯಲ್ಲೇ ದಾರಿ ತೋರಿಸಿ, “ಏನೈತೆ ಸಾ ಅಲ್ಲಿ, ಬರೀ ಒಂದ್ ಕಲ್ಲು. ಎಳ್ನೀರ್ ಕುಡ್ದು ಹೋಗಿ” ಎಂದು ತತ್ತ್ವವನ್ನೂ ಹೇಳುತ್ತಾರೆ. ಗೈಡು ಬೇಡವೆಂದು ಹೊರಟವನಿಗೆ ಹೀಗೆ ಊರೆಲ್ಲ ಗೈಡಾಗುತ್ತದೆ. ಸ್ವತಂತ್ರ ನಡಿಗೆಯೆಂಬುದರ ನಿಜವಾದ ಲಕ್ಷಣ ಇದೇ.

ಅಪವಾದಗಳು

ಅಪವಾದವಿಲ್ಲದ ಸೂತ್ರವಿಲ್ಲ. ಗಂಗರ ಸಾಮಂತ ತಿರುಮಲಯ್ಯ 894ರಲ್ಲಿ ಕಟ್ಟಿಸಿದನೆಂದು ಹೇಳುವ ಗುಡಿಯಲ್ಲಿ ಆದಿರಂಗನು ಆದಿಶೇಷನ ಮೇಲೆ ಪವಡಿಸಿದ್ದಾನೆ. ಗಂಗರು, ಹೊಯ್ಸಳರು, ವಿಜಯನಗರದವರು, ಒಡೆಯರು, ಸುಲ್ತಾನರು, ಕಂಪನಿಯವರು ಬಂದುಹೋದರೂ ಅವನು ಮಗ್ಗುಲು ಬದಲಿಸಿಲ್ಲ. ಎರಡನೆಯ ಅಪವಾದ ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆ. ಕಲ್ಲಿನ ಕಂಬ, ಕಲ್ಲಿನ ತೊಲೆ, ಕಾವೇರಿಯ ಎಷ್ಟೋ ಪ್ರವಾಹಗಳನ್ನು ಕಂಡದ್ದು. ಎಲ್ಲರೂ ಊರು ಬಿಟ್ಟು ಹೋಗಬೇಕಾದರೆ ಅದೊಂದಾದರೂ ನಿಲ್ಲಲೇಬೇಕಿತ್ತು.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿ ಹೊರಡುವವರು ಬಿಸಿಲೇರುವ ಮೊದಲೇ ಪಟ್ಟಣದಲ್ಲಿ ಇಳಿಯಿರಿ. ಗುಡಿ, ಸೆರೆಮನೆ, ಮಸೀದಿಗಳೆಲ್ಲ ಕೋಟೆಯೊಳಗೆ ಹತ್ತಿರ ಹತ್ತಿರ ಇವೆ. ದರಿಯಾ ದೌಲತ್, ಗುಂಬಜ್ ಆಚೆ ಮೂಡಲಲ್ಲಿವೆ. ಅಲ್ಲಿಂದ ಮುಂದೆ ಕಾವೇರಿಯ ಎರಡು ಕವಲುಗಳು ಕೂಡುವ ಸಂಗಮ. ಅಲ್ಲಿ ಸೆಳವು ಜಾಸ್ತಿ, ಈಜಲು ಇಳಿಯಬೇಡಿ. ಸ್ಟೇಷನ್ನಿಗೆ ಮರಳುವ ನಾಲ್ಕೈದು ಕಿಲೋಮೀಟರಿಗೆ ಆಟೊ ಸಿಗುತ್ತದೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.